ಸನದು ಸಿಗದ ಕರ್ನಲ್

ಅಮೆರಿಕದವರು ಪ್ರತಿವರ್ಷ ಜುಲೈ 4ರಂದು ಹಬ್ಬ ಮಾಡುತ್ತಾರೆ. 1776ರಲ್ಲಿ ಅವರ ಸ್ವಾತಂತ್ರ್ಯ ಘೋಷಣೆ ಅಂಗೀಕಾರವಾದ ದಿನ ಅದು. ಆ ಕ್ರಾಂತಿಯ ಸೇನಾಪತಿ ಜಾರ್ಜ್ ವಾಷಿಂಗ್ಟನ್ ಅದಕ್ಕೆ ಸರಿಯಾಗಿ 22 ವರ್ಷ ಮೊದಲು, 1754ರ ಜುಲೈ 4ರ ಬೆಳಿಗ್ಗೆ, ಎಲ್ಲಿದ್ದ ಎಂದು ಕೇಳಿದರೆ ಹೇಳುವವರು ಕಡಿಮೆ. ಆ ಬೆಳಿಗ್ಗೆ ಅವನು ಇಂದಿನ ಪೆನ್ಸಿಲ್ವೇನಿಯಾದ ಕಾಡಿನಲ್ಲಿ ಒಂದು ಮರದ ಕೋಟೆಯನ್ನು ಫ್ರೆಂಚರಿಗೆ ಬಿಟ್ಟುಕೊಟ್ಟು, ಅಳಿದುಳಿದ ಜನರನ್ನು ಕಟ್ಟಿಕೊಂಡು, ಕೆಸರಿನಲ್ಲಿ ಕಾಲೆಳೆಯುತ್ತ ಮನೆಯ ದಾರಿ ಹಿಡಿದಿದ್ದ. ಹಿಂದಿನ ರಾತ್ರಿ ಅವನು ಸಹಿ ಹಾಕಿದ ಶರಣಾಗತಿಯ ಕಾಗದದಲ್ಲಿ, ಅವನಿಗೆ ಬಾರದ ಫ್ರೆಂಚ್ ಭಾಷೆಯಲ್ಲಿ, ಅವನ ಕಡೆಯವರು ಕೊಲೆ ಮಾಡಿದವರೆಂದು ಬರೆದಿತ್ತು. ಆಗ ಅವನ ವಯಸ್ಸು 22. ಸೇವೆ ಇಂಗ್ಲೆಂಡಿನ ದೊರೆ ಎರಡನೇ ಜಾರ್ಜನದು.

ಡಾಲರ್ ನೋಟಿನ ಮೇಲೆ ತುಟಿ ಬಿಗಿದು ಕುಳಿತ ಮುದುಕನನ್ನು ನಾವೆಲ್ಲ ಬಲ್ಲೆವು. ಅದಕ್ಕೂ ಮೊದಲು ಕೊಡಲಿಯಿಂದ ತಂದೆಯ ಚೆರಿ ಗಿಡ ಕಡಿದು ಸತ್ಯ ಒಪ್ಪಿಕೊಂಡ ಬಾಲಕನ ಕತೆಯನ್ನು ಕೇಳಿರುತ್ತೇವೆ. ಅದು ವಾಷಿಂಗ್ಟನ್ ಸತ್ತ ಮೇಲೆ ವೀಮ್ಸ್ ಎಂಬ ಪಾದ್ರಿ ಕಟ್ಟಿದ ಕತೆ. ಈ ಬಾಲಕನಿಗೂ ಆ ಮುದುಕನಿಗೂ ನಡುವೆ ಒಬ್ಬ ಯುವಕನಿದ್ದ. ದೊಡ್ಡ ಹುದ್ದೆಗೆ ಹಾತೊರೆಯುವವ, ಸಂಬಳ ಸಾಲದೆಂದು ಗವರ್ನರನಿಗೆ ಕಾಗದದ ಮೇಲೆ ಕಾಗದ ಬರೆಯುವವ, ದುಡುಕಿನ ಸ್ವಭಾವದವ. 1753ರಿಂದ 1758ರವರೆಗಿನ ಅವನ ಐದು ವರ್ಷದ ಚಾಕರಿಯನ್ನು ನೋಡದೆ ಅವನು ಮುಂದೆ ಬಂಡೆದ್ದದ್ದು ಯಾಕೆ ಎಂಬುದು ಅರ್ಥವಾಗುವುದಿಲ್ಲ ಎಂದೇ ನಮಗೆ ತೋರುತ್ತದೆ.

ಮನೆತನ ವರ್ಜೀನಿಯಾದ ಹೊಗೆಸೊಪ್ಪು ಬೆಳೆಯುವ ಜಮೀನುದಾರರದು. ತಂದೆ 1743ರಲ್ಲಿ ತೀರಿಕೊಂಡಾಗ ಹುಡುಗನಿಗೆ 11 ವರ್ಷ. ಮೊದಲ ಹೆಂಡತಿಯ ಮಕ್ಕಳಾದ ಇಬ್ಬರು ಅಣ್ಣಂದಿರು ಇಂಗ್ಲೆಂಡಿನಲ್ಲಿ ಓದಿ ಬಂದವರು. ಎರಡನೆಯ ಹೆಂಡತಿಯ ಮಗನಾದ ಜಾರ್ಜನಿಗೆ ಆ ಭಾಗ್ಯ ಬರಲಿಲ್ಲ. ಅವನ ಪಾಲಿಗೆ ಬಂದದ್ದು ಒಂದು ಸಾಧಾರಣ ಜಮೀನು, 10 ಮಂದಿ ಗುಲಾಮರು. ಹಿರಿಯಣ್ಣ ಲಾರೆನ್ಸ್ 1741ರ ಕಾರ್ಟಜೀನಾ ದಂಡಯಾತ್ರೆಗೆ ದೊರೆಯ ಸನದು ಪಡೆದ ಕ್ಯಾಪ್ಟನ್ ಆಗಿ ಹೋಗಿ ಬಂದಿದ್ದ. ಈ ಸನದು ಎಂಬ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯ ಮಾನ ಇದ್ದದ್ದು ಅವನ ಕತ್ತಿಯಲ್ಲಲ್ಲ, ದೊರೆಯ ಮೊಹರು ಬಿದ್ದ ಆ ಕಾಗದದಲ್ಲಿ. ವಸಾಹತಿನ ಗವರ್ನರ್ ಕೊಟ್ಟ ಹುದ್ದೆಗೆ ಅದರ ಮುಂದೆ ಮೂರು ಕಾಸಿನ ಬೆಲೆಯಿರಲಿಲ್ಲ.

ಅಣ್ಣನ ನೆರಳಿನಲ್ಲಿ ಬೆಳೆದ ತಮ್ಮ 16ನೇ ವಯಸ್ಸಿಗೆ ಸರಪಳಿ ಹಿಡಿದು ಜಮೀನು ಅಳೆಯಲು ಕಾಡಿಗೆ ಹೋದ. 17ಕ್ಕೆ ಒಂದು ಕೌಂಟಿಯ ಮೋಜಣಿದಾರನಾದ. ಯಾವ ನೆಲ ಫಲವತ್ತು, ಯಾವ ಹೊಳೆಯ ದಂಡೆ ಮುಂದೆ ಬೆಲೆಬಾಳುತ್ತದೆ ಎಂದು ಗುರುತಿಸುವ ಕಣ್ಣು ಅವನಿಗೆ ಬಂದದ್ದು ಆಗಲೇ. ಆ ಕಣ್ಣು ಸಾಯುವತನಕ ಮಂಜಾಗಲಿಲ್ಲ. 1752ರಲ್ಲಿ ಲಾರೆನ್ಸ್ ಕ್ಷಯದಿಂದ ತೀರಿಕೊಂಡ. ಅವನು ವರ್ಜೀನಿಯಾದ ನಾಗರಿಕ ಪಡೆಯ ತರಬೇತಿಯ ಹೊಣೆ ಹೊತ್ತಿದ್ದವನು. ಆ ಹುದ್ದೆಯನ್ನು ಪಾಲು ಮಾಡಿದಾಗ ಒಂದು ಪಾಲು ತಮ್ಮನಿಗೆ ಸಿಕ್ಕಿತು. ಒಂದು ದಿನವೂ ಸಿಪಾಯಿಯಾಗಿರದ 20ರ ಹುಡುಗ ವರ್ಷಕ್ಕೆ 100 ಪೌಂಡ್ ಸಂಬಳದ ಮೇಜರ್ ಆದ.

ಓಹಾಯೊ ಕಣಿವೆಯ ಜಗಳ ಆಗ ಬಿಸಿಯೇರುತ್ತಿತ್ತು. ಕೆನಡಾದಿಂದ ಫ್ರೆಂಚರು ಇಳಿದು ಬಂದು ಕೋಟೆ ಕಟ್ಟುತ್ತಿದ್ದರು. ಅದು ತಮ್ಮ ದೊರೆಯ ನೆಲವೆಂದು ವರ್ಜೀನಿಯಾದವರ ವಾದ. ಅಲ್ಲಿ ತಲೆತಲಾಂತರದಿಂದ ಬೇಟೆಯಾಡಿ, ಜೋಳ ಬೆಳೆದುಕೊಂಡಿದ್ದ ಮೂಲನಿವಾಸಿಗಳನ್ನು ಇಬ್ಬರೂ ಕೇಳಲಿಲ್ಲ. ಇದರ ಹಿಂದೆ ಒಂದು ಕಂಪನಿಯೂ ಇತ್ತು. ಕಂಪನಿ ಎಂದರೆ ನಮ್ಮವರಿಗೆ ವಿವರಿಸಬೇಕಾಗಿಲ್ಲ. ಓಹಾಯೊ ಕಂಪನಿ ಎಂಬ ಈ ಕೂಟಕ್ಕೆ ಆ ಕಣಿವೆಯಲ್ಲಿ 2 ಲಕ್ಷ ಎಕರೆ ಮಂಜೂರಾಗಿತ್ತು. ಅದರ ಪಾಲುದಾರರಲ್ಲಿ ಲಾರೆನ್ಸ್ ಇದ್ದ. ವರ್ಜೀನಿಯಾದ ಆಡಳಿತ ನಡೆಸುತ್ತಿದ್ದ ಉಪಗವರ್ನರ್ ಡಿನ್‌ವಿಡ್ಡಿಯೂ ಇದ್ದ. ದೊರೆಯ ಗಡಿ ಕಾಯುವವನೂ ಅವನೇ, ಗಡಿಯಾಚೆಯ ಜಮೀನಿನಲ್ಲಿ ಪಾಲು ಇಟ್ಟವನೂ ಅವನೇ.

ಫ್ರೆಂಚರಿಗೆ ಜಾಗ ಖಾಲಿ ಮಾಡಿ ಎಂಬ ತಾಕೀತು ಮುಟ್ಟಿಸಲು ಡಿನ್‌ವಿಡ್ಡಿ ಈ ಹೊಸ ಮೇಜರನನ್ನು ಕಳಿಸಿದ. 1753ರ ಅಕ್ಟೋಬರ್ ಕೊನೆಗೆ ಹೊರಟ ಅವನ ಜೊತೆಗೆ ಕಾಡು ಬಲ್ಲ ಕ್ರಿಸ್ಟೋಫರ್ ಗಿಸ್ಟ್, ದುಭಾಷಿಯಾಗಿ ವಾನ್ ಬ್ರಾಮ್ ಎಂಬ ಡಚ್ಚ. ದಾರಿಯಲ್ಲಿ ಕೂಡಿಕೊಂಡವನು ತಾನಾಗ್ರಿಸನ್. ಇರೊಕ್ವಾ ಒಕ್ಕೂಟದ ಪರವಾಗಿ ಓಹಾಯೊ ಸೀಮೆಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಅವನನ್ನು ಇಂಗ್ಲಿಷರು 'ಅರ್ಧರಾಜ' ಎನ್ನುತ್ತಿದ್ದರು. ಡಿಸೆಂಬರ್ ಹಿಮದಲ್ಲಿ ಅವರು ಲೆ ಬಫ್ ಕೋಟೆ ಮುಟ್ಟಿದರು. ಅಲ್ಲಿನ ಫ್ರೆಂಚ್ ಅಧಿಕಾರಿ ಸೇಂಟ್ ಪಿಯೆರ್ ವಯಸ್ಸಾದ ಸಿಪಾಯಿ. ಹುಡುಗನನ್ನು ಮರ್ಯಾದೆಯಿಂದ ಕೂರಿಸಿ, ನಾವು ಹೋಗುವುದಿಲ್ಲ ಎಂದು ಅಷ್ಟೇ ಮರ್ಯಾದೆಯಿಂದ ಉತ್ತರ ಬರೆದುಕೊಟ್ಟ. ದಾರಿಗೆ ಆಹಾರವನ್ನೂ ಕೊಟ್ಟು ಕಳಿಸಿದ. ಆ ಉತ್ತರ ತಯಾರಾಗುವವರೆಗೆ ನಮ್ಮ ರಾಯಭಾರಿ ಸುಮ್ಮನೆ ಕುಳಿತಿರಲಿಲ್ಲ. ಕೋಟೆಯ ಅಳತೆ ಎಷ್ಟು, ತೋಪು ಎಷ್ಟು, ಹೊಳೆಯ ದಡದಲ್ಲಿ ದೋಣಿ ಎಷ್ಟು ಎಂದು ಲೆಕ್ಕ ಹಾಕಿಕೊಂಡ. ಮರಳುವಾಗ ಒಬ್ಬ ಮೂಲನಿವಾಸಿ ಹತ್ತಿರದಿಂದ ಹಾರಿಸಿದ ಗುಂಡು ತಪ್ಪಿತು. ತೆಪ್ಪದಿಂದ ಹಿಮಗಟ್ಟಿದ ಹೊಳೆಗೆ ಬಿದ್ದೂ ಬದುಕಿದ. 1754ರ ಜನವರಿಯಲ್ಲಿ ಊರು ಸೇರಿದ ಅವನ ದಿನಚರಿಯನ್ನು ಡಿನ್‌ವಿಡ್ಡಿ ಅಚ್ಚು ಹಾಕಿಸಿದ. ಅದು ಲಂಡನ್ನಿನಲ್ಲೂ ಮರುಮುದ್ರಣವಾಯಿತು. ಹುಡುಗನ ಹೆಸರು ಸಮುದ್ರ ದಾಟಿತು.

ಮುಂದಿನ ಪಯಣ ಕೋವಿ ಹಿಡಿದು. ಹೊಸದಾಗಿ ಕಟ್ಟಿದ ವರ್ಜೀನಿಯಾ ರೆಜಿಮೆಂಟಿಗೆ ಅವನೀಗ ಲೆಫ್ಟಿನೆಂಟ್ ಕರ್ನಲ್. 1754ರ ಮೇ ತಿಂಗಳಲ್ಲಿ ಕಾಡಿನ ನಡುವೆ ಗ್ರೇಟ್ ಮೆಡೋಸ್ ಎಂಬ ಹುಲ್ಲುಗಾವಲಿನಲ್ಲಿ ಬೀಡುಬಿಟ್ಟಿದ್ದಾಗ, ಹತ್ತಿರದಲ್ಲೇ ಫ್ರೆಂಚರ ಒಂದು ತುಕಡಿ ಅಡಗಿದೆ ಎಂದು ತಾನಾಗ್ರಿಸನ್ ಸುದ್ದಿ ಕಳಿಸಿದ. ಮೇ 27ರ ರಾತ್ರಿ, ಜಡಿಮಳೆ. ವಾಷಿಂಗ್ಟನ್ 40 ಜನರನ್ನು ಕರೆದುಕೊಂಡು ಕತ್ತಲಲ್ಲಿ ತಡಕಾಡುತ್ತ ನಡೆದ. ಬೆಳಗಾಗುವಾಗ ತಾನಾಗ್ರಿಸನ್‌ನ ಯೋಧರೊಡನೆ ಸೇರಿ ಒಂದು ಕೊರಕಲನ್ನು ಸುತ್ತುವರಿದ. ಕೆಳಗೆ ಫ್ರೆಂಚರು ಆಗಷ್ಟೇ ಏಳುತ್ತಿದ್ದರು. ಗುಂಡಿನ ಸದ್ದು ಕಾಲು ಗಂಟೆಯೂ ಇರಲಿಲ್ಲ. ಫ್ರೆಂಚರಲ್ಲಿ 10 ಮಂದಿ ಸತ್ತರು, 21 ಮಂದಿ ಸೆರೆಯಾದರು. ಸತ್ತವರಲ್ಲಿ ಅವರ ನಾಯಕ ಜುಮಾನ್‌ವಿಲ್ ಒಬ್ಬ. ಅವನು ಸತ್ತದ್ದು ಹೇಗೆ ಎಂಬ ಬಗ್ಗೆ ಸಾಕ್ಷಿಗಳು ಒಂದಕ್ಕೊಂದು ಹೊಂದುವುದಿಲ್ಲ. ಗುಂಡು ನಿಂತ ಮೇಲೆ, ಗಾಯಗೊಂಡು ಬಿದ್ದಿದ್ದ ಅವನ ತಲೆಯನ್ನು ತಾನಾಗ್ರಿಸನ್ ಕೊಡಲಿಯಿಂದ ಸೀಳಿದ ಎಂಬ ಮಾತನ್ನು ಬಹುಪಾಲು ಚರಿತ್ರಕಾರರು ನಂಬುತ್ತಾರೆ. ಹಾಗಾಗಿದ್ದರೆ ವಾಷಿಂಗ್ಟನ್ ಪಕ್ಕದಲ್ಲಿದ್ದೂ ತಡೆಯಲಾಗಲಿಲ್ಲ.

ಸತ್ತವನ ಬಳಿ ಒಂದು ಕಾಗದ ಸಿಕ್ಕಿತು. ಈ ನೆಲ ಫ್ರಾನ್ಸಿನ ದೊರೆಯದು, ಇಂಗ್ಲಿಷರು ಜಾಗ ಬಿಡಬೇಕು ಎಂಬ ತಾಕೀತು ಅದು. ಅಂದರೆ ಆರು ತಿಂಗಳ ಹಿಂದೆ ವಾಷಿಂಗ್ಟನ್ ಹೊತ್ತೊಯ್ದಿದ್ದಂಥದೇ ಪತ್ರ. ನಮ್ಮ ಎಲ್ಚಿಯನ್ನು ಕೊಂದಿರಿ ಎಂದು ಫ್ರೆಂಚರು ಹುಯಿಲೆಬ್ಬಿಸಿದರು. ಎಲ್ಚಿಯಾದವನು ದಿನಗಟ್ಟಲೆ ಪೊದೆಯಲ್ಲಿ ಅಡಗುತ್ತಾನೆಯೇ, ಅವನು ಗೂಢಚಾರ ಎಂದು ವಾಷಿಂಗ್ಟನ್ ವಾದಿಸಿದ. ಲೆ ಬಫ್ ಕೋಟೆಯಲ್ಲಿ ದೋಣಿ ಎಣಿಸಿ ಬಂದವನ ಬಾಯಲ್ಲಿ ಈ ಮಾತು ಬಂದದ್ದೇ ವಿಚಿತ್ರ. ರಾಯಭಾರಿಯೂ ಗೂಢಚಾರನೂ ಒಂದೇ ಅಂಗಿಯಲ್ಲಿ ಬರುವುದು ಆಗಲೂ ಇತ್ತು. ಹಾಗೆ ಬಂದವನಿಗೆ ಸೇಂಟ್ ಪಿಯೆರ್ ಊಟ ಕಟ್ಟಿಕೊಟ್ಟಿದ್ದ. ದೂತನನ್ನು ಕೊಲ್ಲಬಾರದೆಂಬುದು ಯಾವ ಒಂದು ಜನಾಂಗದ ಸೊತ್ತೂ ಅಲ್ಲ. ರಾವಣನ ಸಭೆಯಲ್ಲಿ ವಿಭೀಷಣ ಹನುಮಂತನ ಪರವಾಗಿ ಹೇಳಿದ್ದು ಅದನ್ನೇ. ಸುಳ್ಳು ಪ್ರವಾದಿ ಮುಸೈಲಿಮನ ದೂತರು ಬಂದು ಉದ್ಧಟತನ ತೋರಿದಾಗ, ದೂತರನ್ನು ಕೊಲ್ಲುವ ಪದ್ಧತಿ ಇದ್ದಿದ್ದರೆ ನಿಮ್ಮ ಕತ್ತು ಉಳಿಯುತ್ತಿರಲಿಲ್ಲ ಎಂದು ಪ್ರವಾದಿ ಮುಹಮ್ಮದ್(ಸ) ಹೇಳಿ ಕಳಿಸಿದ್ದನ್ನು ಹದೀಸ್ ಗ್ರಂಥಗಳಲ್ಲಿ ಓದುತ್ತೇವೆ. ಆ ಕೊರಕಲಿನಲ್ಲಿ ಮೊದಲ ಗುಂಡು ಯಾರದೆಂಬುದು ಬಗೆಹರಿಯದಿರಬಹುದು. ಆದರೆ ಮಲಗಿದ್ದವರನ್ನು ಕರೆದು, ನೀವು ಯಾರು, ಯಾಕೆ ಬಂದಿರಿ ಎಂದು ಮೊದಲು ಕೇಳಲಿಲ್ಲ ಎಂಬುದು ಬಗೆಹರಿದ ವಿಷಯ. ಎರಡು ದೇಶಗಳ ನಡುವೆ ಆಗ ಯುದ್ಧವೇ ಘೋಷಣೆಯಾಗಿರಲಿಲ್ಲ.

ಹುಡುಗನಿಗೆ ಇದರ ಭಾರ ತಿಳಿದಂತೆ ಕಾಣುವುದಿಲ್ಲ. ಗುಂಡುಗಳು ಕಿವಿಯ ಬಳಿ ಸಿಳ್ಳೆ ಹೊಡೆಯುವುದು ಕೇಳಲು ಇಂಪಾಗಿದೆ ಎಂದು ತಮ್ಮನಿಗೆ ಬರೆದ. ಕಾಗದ ಲಂಡನ್ ಪತ್ರಿಕೆಯಲ್ಲಿ ಬಂದಾಗ, ಇನ್ನೂ ಹೆಚ್ಚು ಗುಂಡು ಕೇಳಿದ್ದರೆ ಅವನು ಹಾಗೆನ್ನುತ್ತಿರಲಿಲ್ಲ ಎಂದು ಸ್ವತಃ ರಣರಂಗ ಕಂಡಿದ್ದ ಎರಡನೇ ಜಾರ್ಜ್ ನಕ್ಕನಂತೆ.

ಇನ್ನೂ ಹೆಚ್ಚು ಗುಂಡು ಕೇಳಲು ತಿಂಗಳೊಂದು ಸಾಕಾಯಿತು. ಮೇಲಧಿಕಾರಿ ಫ್ರೈ ಕುದುರೆಯಿಂದ ಬಿದ್ದು ಸತ್ತದ್ದರಿಂದ ವಾಷಿಂಗ್ಟನ್ ಕರ್ನಲ್ ಆಗಿದ್ದ. ಹುಲ್ಲುಗಾವಲಿನ ನಡುವೆ ಮರದ ದಿಮ್ಮಿ ನೆಟ್ಟು ಒಂದು ಗುಂಡನೆಯ ಬೇಲಿ ಕಟ್ಟಿ ಅದಕ್ಕೆ ನೆಸೆಸಿಟಿ ಕೋಟೆ ಎಂದು ಹೆಸರಿಟ್ಟಿದ್ದ. ತಗ್ಗಿನ ನೆಲ, ಸುತ್ತ ಕಾಡಿನ ದಿಣ್ಣೆ. ಇದು ಕೋಟೆಯೇ ಅಲ್ಲವೆಂದು ತಾನಾಗ್ರಿಸನ್ ತನ್ನ ಜನರನ್ನು ಕರೆದುಕೊಂಡು ಹೊರಟುಹೋದ. ಈ ಹುಡುಗ ಒಳ್ಳೆಯವನೇ, ಆದರೆ ಅನುಭವ ಇಲ್ಲ, ನಮ್ಮನ್ನು ಗುಲಾಮರಂತೆ ಹುಕುಂ ಮಾಡುತ್ತಾನೆ, ಬುದ್ಧಿ ಹೇಳಿದರೆ ಕೇಳುವುದಿಲ್ಲ ಎಂಬುದು ಅವನ ದೂರು. ಅದೇ ವರ್ಷ ಅವನು ತೀರಿಕೊಂಡ. ಆ ಯುವಕನನ್ನು ಅಷ್ಟು ಹತ್ತಿರದಿಂದ ಕಂಡು ಅಷ್ಟು ನೇರವಾಗಿ ಅಳೆದವರು ಬೇರೆ ಇಲ್ಲ.

ಜುಲೈ 3ರಂದು ಸುಮಾರು 700 ಫ್ರೆಂಚರು ಮತ್ತು ಅವರ ಮಿತ್ರರು ಕಾಡಿನ ಅಂಚಿನಿಂದ ಗುಂಡು ಸುರಿಸಿದರು. ಅವರ ನಾಯಕ ಸತ್ತ ಜುಮಾನ್‌ವಿಲ್‌ನ ಒಡಹುಟ್ಟಿದವನು. ಇಡೀ ದಿನ ಮಳೆ. ಕಂದಕ ತುಂಬಿತು, ಮದ್ದು ನೆನೆಯಿತು, ಕುದುರೆ ದನಗಳೆಲ್ಲ ಸತ್ತವು. ಕತ್ತಲಾದ ಮೇಲೆ ಸಿಪಾಯಿಗಳು ರಮ್ಮಿನ ಪೀಪಾಯಿ ಒಡೆದರು. ಮಾತುಕತೆಗೆ ಫ್ರೆಂಚರೇ ಕರೆದರು. ವಾನ್ ಬ್ರಾಮ್ ಹೋಗಿ ಒಪ್ಪಂದದ ಕಾಗದ ತಂದ. ಮಳೆಗೆ ಶಾಯಿ ಹರಡಿದ ಅಕ್ಷರಗಳನ್ನು ಮೋಂಬತ್ತಿಯ ಬೆಳಕಿನಲ್ಲಿ ಹಿಡಿದು, ಡಚ್ ಮಾತೃಭಾಷೆಯವನೊಬ್ಬ ಫ್ರೆಂಚನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿ ಓದಿದ. ಜುಮಾನ್‌ವಿಲ್‌ನ 'ಸಂಚಿನ ಕೊಲೆ' ಎಂದಿದ್ದಲ್ಲಿ ಅವನು 'ಸಾವು' ಎಂದೋ 'ನಷ್ಟ' ಎಂದೋ ಓದಿದನೆಂದು ವಾಷಿಂಗ್ಟನ್ ಕೊನೆಯವರೆಗೂ ಸಾಧಿಸಿದ. ಎರಡು ಭಾಷೆಗಳ ನಡುವೆ ದಿನಾ ಓಡಾಡುವ ನಮ್ಮಂಥವರಿಗೆ ವಾನ್ ಬ್ರಾಮ್‌ನ ಮೇಲೆ ಕನಿಕರ ಹುಟ್ಟುತ್ತದೆ. 'ಕತ್ಲ್' ಎಂಬುದನ್ನು 'ಇಂತಿಖಾಲ್' ಎಂದು ಓದಿಬಿಟ್ಟರೆ ಒಂದು ರಾಜ್ಯದ ಮಾನ ಹೋಗುತ್ತದೆ. ಹಾಗೆ ಓದದಿದ್ದರೆ ಅಂದು ಒಳಗಿದ್ದ ಸುಮಾರು 400 ಮಂದಿಯ ಗತಿ ಏನಾಗುತ್ತಿತ್ತೋ. ವರ್ಜೀನಿಯಾದವರು ತಪ್ಪನ್ನೆಲ್ಲ ದುಭಾಷಿಯ ತಲೆಗೆ ಕಟ್ಟಿದರು. ಅಷ್ಟರಲ್ಲಿ ಅವನು ಒತ್ತೆಯಾಳಾಗಿ ಫ್ರೆಂಚರ ಕೈಯಲ್ಲಿದ್ದ. ಒಪ್ಪಂದದಂತೆ ಇಬ್ಬರು ಅಧಿಕಾರಿಗಳನ್ನು ಒತ್ತೆ ಇಡಬೇಕಿತ್ತು, ಅವರಲ್ಲಿ ವಾನ್ ಬ್ರಾಮ್ ಒಬ್ಬ. ಅವನು ವರ್ಷಗಟ್ಟಲೆ ಕೆನಡಾದಲ್ಲಿ ಸೆರೆಯಲ್ಲಿ ಕೊಳೆತ.

ಈ ಕಿಡಿ ಹೊತ್ತಿಕೊಂಡು 1756ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಅಧಿಕೃತವಾಗಿ ಯುದ್ಧಕ್ಕಿಳಿದವು. ಏಳು ವರ್ಷದ ಆ ಯುದ್ಧ ನಮ್ಮ ಕಡಲ ದಂಡೆಗೂ ಬಂತು. ಕರ್ನಾಟಿಕ್ ಸೀಮೆಯಲ್ಲಿ ಈ ಎರಡು ಕಂಪನಿಗಳ ಹಗೆ 1740ರ ದಶಕದಿಂದಲೇ ಇತ್ತು. ಹಾಗಾಗಿ ಎಲ್ಲವನ್ನೂ ಓಹಾಯೊದ ಒಂದು ಗುಂಡಿನ ಲೆಕ್ಕಕ್ಕೆ ಬರೆಯಲಾಗದು. ಆದರೂ 1760ರ ವಾಂಡಿವಾಷ್ ಸೋಲು, 1761ರಲ್ಲಿ ಪುದುಚೇರಿಯ ಪತನ ಆ ಯುದ್ಧದ ಅಧ್ಯಾಯಗಳೇ. 1760ರಲ್ಲಿ ಹೈದರಲಿ ಪುದುಚೇರಿಯ ಫ್ರೆಂಚರ ನೆರವಿಗೆ ಮಖ್ದೂಮ್ ಅಲಿಯ ಕೈಕೆಳಗೆ ಸೈನ್ಯ ಕಳಿಸಿದ್ದ. ಆ ಸೈನ್ಯ ಊರಲ್ಲಿಲ್ಲದ ಹೊತ್ತು ನೋಡಿ ಖಂಡೇರಾಯ ಶ್ರೀರಂಗಪಟ್ಟಣದಲ್ಲಿ ಹೈದರನ ಮೇಲೆ ತಿರುಗಿಬಿದ್ದ. ಓಹಾಯೊದ ಕಾಡು ಮತ್ತು ಕಾವೇರಿಯ ದಂಡೆ ಒಂದೇ ಜೂಜಿನ ಹಾಸಿನ ಮೇಲಿದ್ದವು.

ಇನ್ನು ಸನದಿನ ಮಾತು. ನೆಸೆಸಿಟಿ ಕೋಟೆಗೆ ದಕ್ಷಿಣ ಕೆರೊಲಿನಾದಿಂದ 100 ಜನರೊಂದಿಗೆ ಕ್ಯಾಪ್ಟನ್ ಮೆಕೇ ಬಂದಿದ್ದ. ಅವನ ಬಳಿ ದೊರೆಯ ಸನದಿತ್ತು. ಆದ್ದರಿಂದ ಕರ್ನಲ್ ವಾಷಿಂಗ್ಟನ್ನನ ಹುಕುಂ ತನಗೆ ಅನ್ವಯಿಸದು ಎಂದ. ಅವನ ಜನ ದಾರಿ ಕಡಿಯುವ ಕೆಲಸಕ್ಕೆ ಕೈ ಹಾಕಲಿಲ್ಲ, ಹಾಕಬೇಕಾದರೆ ಹೆಚ್ಚಿನ ಕೂಲಿ ಬೇಕೆಂದರು. ಸಂಬಳದಲ್ಲೂ ಇದೇ ತಾರತಮ್ಯ. ಇಂಥ ಷರತ್ತಿನ ಮೇಲೆ ದುಡಿಯುವುದಕ್ಕಿಂತ ಮಣ್ಣು ಅಗೆದು ಹೊಟ್ಟೆ ಹೊರೆಯುವುದು ಮೇಲು ಎಂಬರ್ಥದ ಕಾಗದವನ್ನು ವಾಷಿಂಗ್ಟನ್ ಡಿನ್‌ವಿಡ್ಡಿಗೆ ಬರೆದದ್ದು ಜುಮಾನ್‌ವಿಲ್ ಸಾಯುವ ಹತ್ತು ದಿನ ಮೊದಲು. ಆ ವರ್ಷದ ಕೊನೆಗೆ ರೆಜಿಮೆಂಟನ್ನು ಒಡೆದು, ವಸಾಹತಿನ ಯಾರಿಗೂ ಕ್ಯಾಪ್ಟನ್‌ಗಿಂತ ಮೇಲಿನ ಹುದ್ದೆ ಇಲ್ಲವೆಂದಾಗ ರಾಜೀನಾಮೆ ಕೊಟ್ಟು ಮನೆಗೆ ಹೋದ.

ಆದರೆ ಆಸೆ ಸುಲಭಕ್ಕೆ ಸಾಯುವುದಿಲ್ಲ. 1755ರಲ್ಲಿ ಜನರಲ್ ಬ್ರಾಡಕ್ ಎರಡು ಬ್ರಿಟಿಷ್ ರೆಜಿಮೆಂಟುಗಳೊಂದಿಗೆ ಬಂದಿಳಿದಾಗ ಸಂಬಳವೇ ಇಲ್ಲದೆ ಅವನ ಸಹಾಯಕನಾಗಿ ಸೇರಿಕೊಂಡ. ಹುದ್ದೆ ಇಲ್ಲದಿದ್ದರೆ ತಾರತಮ್ಯವೂ ಇಲ್ಲವಲ್ಲ! ಜುಲೈ 9ರಂದು ಮೊನಾಂಗಹೀಲಾ ನದಿ ದಾಟಿದ ಸುಮಾರು 1,300 ಮಂದಿಯ ಮುಂದಳ ಕಾಡಿನ ದಾರಿಯಲ್ಲಿ ಫ್ರೆಂಚರಿಗೂ ಮೂಲನಿವಾಸಿ ಯೋಧರಿಗೂ ಎದುರಾಯಿತು. ಕೆಂಪು ಅಂಗಿಯ ಸಾಲುಗಳು ಕಾಣದ ಶತ್ರುವಿಗೆ ಗುಂಡು ಹಾರಿಸುತ್ತ ನಿಂತಲ್ಲೇ ಉರುಳಿದವು. ಸತ್ತವರು, ಗಾಯಗೊಂಡವರು ಸೇರಿ 900ರಷ್ಟು. ಆಮಶಂಕೆಯಿಂದ ಬಳಲಿ, ಜೀನಿಗೆ ದಿಂಬು ಕಟ್ಟಿಕೊಂಡು ಬಂದಿದ್ದ ವಾಷಿಂಗ್ಟನ್ನನ ಕೆಳಗೆ ಎರಡು ಕುದುರೆ ಸತ್ತವು. ಅಂಗಿಯಲ್ಲಿ ನಾಲ್ಕು ಗುಂಡಿನ ತೂತು, ಮೈಮೇಲೆ ಗಾಯವಿಲ್ಲ. ನಾಲ್ಕು ದಿನದ ಮೇಲೆ ಸತ್ತ ಬ್ರಾಡಕ್‌ನನ್ನು ದಾರಿಯ ನಡುವೆಯೇ ಹೂತು, ಗುರುತು ಸಿಗದಂತೆ ಮೇಲೆ ಗಾಡಿಗಳನ್ನು ಹಾಯಿಸಿದರು. ಆ ದಿನ ಅದೇ ಕಾಡಿನಲ್ಲಿ ಥಾಮಸ್ ಗೇಜ್ ಇದ್ದ, ಹೊರೇಷಿಯೊ ಗೇಟ್ಸ್ ಇದ್ದ, ಚಾರ್ಲ್ಸ್ ಲೀ ಇದ್ದ. 20 ವರ್ಷದ ಮೇಲೆ ಗೇಜ್ ಬಾಸ್ಟನ್ನಿನಲ್ಲಿ ದೊರೆಯ ಸೇನಾಪತಿಯಾಗಿ ವಾಷಿಂಗ್ಟನ್ನನ ಎದುರು ನಿಂತ. ಉಳಿದಿಬ್ಬರು ವಾಷಿಂಗ್ಟನ್ನನ ಕೈಕೆಳಗಿನ ಜನರಲ್‌ಗಳಾದರು. ದೊರೆಯ ಸೈನ್ಯವೂ ಬೆನ್ನು ತೋರಿಸಿ ಓಡುತ್ತದೆ ಎಂಬುದನ್ನು ಅವರೆಲ್ಲ ಒಟ್ಟಿಗೇ ಕಂಡಿದ್ದರು.

ಸೋಲಿನ ನಡುವೆ ಎದೆಗುಂದದವನೆಂಬ ಹೆಸರಿನ ಬಲದಿಂದ 23ನೇ ವಯಸ್ಸಿಗೆ ಅವನು ವರ್ಜೀನಿಯಾದ ಎಲ್ಲ ಪಡೆಗಳ ಮುಖ್ಯಸ್ಥನಾದ. ಕಾಯಬೇಕಾದ ಗಡಿ ಸುಮಾರು 350 ಮೈಲಿ. ಜನ ಸಾಲದು, ಬಟ್ಟೆ ಸಾಲದು; ಸೇರಿದವರು ಬಡವರು, ರಾತ್ರೋರಾತ್ರಿ ಓಡಿಹೋಗುವವರು. ಅವನು ಛಡಿಯೇಟು ಹಾಕಿಸಿದ. 1757ರಲ್ಲಿ ಸುಮಾರು 40 ಅಡಿ ಎತ್ತರದ ಗಲ್ಲುಮರ ನಿಲ್ಲಿಸಿ, ಓಡಿಹೋಗಿ ಸಿಕ್ಕಿಬಿದ್ದ ಇಬ್ಬರನ್ನು ಎಲ್ಲರ ಕಣ್ಣೆದುರು ನೇತುಹಾಕಿಸಿದ. ಮುಂದೆ ಸ್ವಾತಂತ್ರ್ಯದ ಸೇನಾಪತಿಯಾದವನ ಶಿಸ್ತಿನ ಮೊದಲ ಪಾಠಶಾಲೆ ಇದು.

ಅಲ್ಲಿಯೂ ಸನದಿನ ಭೂತ ಬಿಡಲಿಲ್ಲ. ಕಂಬರ್ಲೆಂಡ್ ಕೋಟೆಯಲ್ಲಿ ಡ್ಯಾಗ್‌ವರ್ದಿ ಎಂಬ ಕ್ಯಾಪ್ಟನ್, ಕೈಕೆಳಗೆ ಬೆರಳೆಣಿಕೆಯ ಜನ, ಹಳೆಯದೊಂದು ದೊರೆಯ ಸನದನ್ನು ತೋರಿಸಿ ಕರ್ನಲ್‌ನ ಮಾತು ಕೇಳುವುದಿಲ್ಲ ಎಂದ. ಅದನ್ನು ಬಗೆಹರಿಸಲು 1756ರ ಚಳಿಗಾಲದಲ್ಲಿ ವಾಷಿಂಗ್ಟನ್ ಕುದುರೆ ಮೇಲೆ ಸುಮಾರು 500 ಮೈಲಿ ದೂರದ ಬಾಸ್ಟನ್ನಿಗೆ ಹೋಗಿ ಸೇನಾಪತಿ ಶರ್ಲಿಯನ್ನು ಕಂಡ. ಡ್ಯಾಗ್‌ವರ್ದಿಯ ವಿರುದ್ಧ ತೀರ್ಪು ಸಿಕ್ಕಿತು, ತನಗೆ ಸನದು ಸಿಗಲಿಲ್ಲ. ಮರುವರ್ಷ ಹೊಸ ಸೇನಾಪತಿ ಲೌಡನ್ ಪ್ರಭುವನ್ನು ಫಿಲಡೆಲ್ಫಿಯಾದಲ್ಲಿ ಕಾದು ಕಂಡ. ಅಲ್ಲಿಯೂ ಬರಿಗೈ. ಅಮೆರಿಕದವರಾಗಿದ್ದ ಮಾತ್ರಕ್ಕೆ ಬ್ರಿಟಿಷ್ ಪ್ರಜೆಗಳ ಹಕ್ಕು ನಮಗೆ ಯಾಕೆ ಇಲ್ಲ ಎಂದು ಆ ವರ್ಷ ಅವನು ಡಿನ್‌ವಿಡ್ಡಿಗೆ ಕೇಳಿದ. ಬೋಸ್ಟನ್ನಿನ ಚಹಾ ಸಮುದ್ರಕ್ಕೆ ಬೀಳಲು ಇನ್ನೂ 16 ವರ್ಷವಿತ್ತು.

ಈ ಪ್ರಶ್ನೆ ನಮ್ಮ ಕಿವಿಗೆ ಹೊಸದಲ್ಲ. ಕಂಪನಿಯ ಪಲ್ಟನ್ನುಗಳಲ್ಲಿ ತಲೆ ನರೆತ ಸುಬೇದಾರ ನಿನ್ನೆ ಹಡಗಿನಿಂದಿಳಿದ ಬಿಳಿಯ ಹುಡುಗನಿಗೆ ಸಲಾಮು ಹೊಡೆಯಬೇಕಿತ್ತು. 1857ರಲ್ಲಿ ಬರೇಲಿಯಿಂದ ದೆಹಲಿಗೆ ಬಂದು ಬಾದಶಹನ ಸೈನ್ಯದ ಮುಂದಾಳಾದ ಬಖ್ತ್ ಖಾನ್ ಅಂಥ ಒಬ್ಬ ಸುಬೇದಾರ, ಫಿರಂಗಿ ದಳದವನು. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಬಖ್ತ್ ಖಾನನ ನೆಲವನ್ನು ಬೇರೆಯವರು ಕಿತ್ತುಕೊಂಡಿದ್ದರು. ವಾಷಿಂಗ್ಟನ್ನನ ದೂರು ಅದಲ್ಲ. ಆಳುವವರ ಪಂಕ್ತಿಯಲ್ಲಿ ನನ್ನ ಎಲೆ ಯಾಕೆ ಕೆಳಗಿದೆ ಎಂಬುದಷ್ಟೇ ಅವನ ದೂರು.

1758ರಲ್ಲಿ ಜನರಲ್ ಫೋರ್ಬ್ಸ್ ಮತ್ತೆ ದಂಡು ಹೊರಡಿಸಿದ. ದಾರಿ ಯಾವುದಿರಬೇಕೆಂಬ ಬಗ್ಗೆ ವಾಷಿಂಗ್ಟನ್ ಅವನೊಡನೆ ಜಗಳ ಕಾದ. ಹಳೆಯ ಬ್ರಾಡಕ್ ದಾರಿಯೇ ಬೇಕೆಂಬ ಅವನ ಹಟದಲ್ಲಿ ವರ್ಜೀನಿಯಾದ ಜಮೀನುದಾರರ ಲಾಭವೂ ಸೇರಿತ್ತೆಂದು ಫೋರ್ಬ್ಸ್‌ಗೆ ಗುಮಾನಿ. ನವೆಂಬರ್ 12ರ ಮಬ್ಬುಗತ್ತಲೆಯಲ್ಲಿ ವರ್ಜೀನಿಯಾದವರದೇ ಎರಡು ತುಕಡಿಗಳು ಒಂದಕ್ಕೊಂದು ಗುಂಡು ಹಾರಿಸಿಕೊಂಡು ಹತ್ತಾರು ಜನ ಬಿದ್ದರು. ಎರಡು ವಾರದೊಳಗೆ ಫ್ರೆಂಚರು ಡುಕೇನ್ ಕೋಟೆಗೆ ಬೆಂಕಿ ಇಟ್ಟು ಹೊರಟುಹೋದರು. ಐದು ವರ್ಷ ಹಂಬಲಿಸಿದ ಕೋಟೆ ಬೂದಿಯಾಗಿ ಸಿಕ್ಕಿತು. ಆ ಜಾಗವೇ ಇಂದಿನ ಪಿಟ್ಸ್‌ಬರ್ಗ್. ವಾಷಿಂಗ್ಟನ್ ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟ, ಜನವರಿಯಲ್ಲಿ ಶ್ರೀಮಂತ ವಿಧವೆ ಮಾರ್ಥಾ ಕಸ್ಟಿಸ್‌ಳನ್ನು ಮದುವೆಯಾದ.

ಸನದು ಕೊಡದ ದೊರೆ ನೆಲವನ್ನೂ ಕೊಡಲಿಲ್ಲ. 1754ರಲ್ಲಿ ಸೈನ್ಯ ಸೇರಿದವರಿಗೆ ಡಿನ್‌ವಿಡ್ಡಿ 2 ಲಕ್ಷ ಎಕರೆ ಮಾತು ಕೊಟ್ಟಿದ್ದ. 1763ರಲ್ಲಿ ಮೂರನೇ ಜಾರ್ಜ್ ಬೆಟ್ಟಗಳ ಪಶ್ಚಿಮಕ್ಕೆ ವಲಸಿಗರು ಹೋಗಕೂಡದೆಂದು ಫರ್ಮಾನು ಹೊರಡಿಸಿದ. ಅದು ಮೂಲನಿವಾಸಿಗಳನ್ನು ಸಮಾಧಾನಪಡಿಸಲು ಮಾಡಿದ ತಾತ್ಕಾಲಿಕ ಉಪಾಯ, ಒಳ್ಳೆಯ ಜಮೀನು ಈಗಲೇ ಗುರುತು ಮಾಡಿಡು, ಯಾರಿಗೂ ಹೇಳಬೇಡ ಎಂದು 1767ರಲ್ಲಿ ವಾಷಿಂಗ್ಟನ್ ತನ್ನ ಮೋಜಣಿದಾರ ಕ್ರಾಫರ್ಡ್‌ಗೆ ಬರೆದ. 1770ರಲ್ಲಿ ತಾನೇ ದೋಣಿಯಲ್ಲಿ ಓಹಾಯೊ ಇಳಿದು ನೆಲ ನೋಡಿ ಬಂದ. ಸೈನಿಕರ ಹೆಸರಿನ ಜಮೀನಿನಲ್ಲಿ ಅವನ ಪಾಲಿಗೇ 20,000 ಎಕರೆ ಮೀರಿ ಬಂತು. ಪಾಲಿನ ಬಗ್ಗೆ ತಕರಾರು ತೆಗೆದ ಹಳೆಯ ಜೊತೆಗಾರನಿಗೆ ಸುಡುವಂಥ ಉತ್ತರ ಹೋಯಿತು. ತೆರಿಗೆಯ ಅನ್ಯಾಯ, ಪ್ರಾತಿನಿಧ್ಯದ ತತ್ವ ಸುಳ್ಳೆಂದು ನಾವು ಹೇಳುವುದಿಲ್ಲ. ಆ ತತ್ವಗಳಿಗೆ ಅವನು ತನ್ನ ಆಸ್ತಿ, ಪ್ರಾಣ ಎರಡನ್ನೂ ಒಡ್ಡಿದ. ಗೆದ್ದ ಮೇಲೆ ಅಧಿಕಾರವನ್ನು ಬಿಟ್ಟುಕೊಟ್ಟು ಮನೆಗೂ ಹೋದ. ಆದರೆ 1775ರಲ್ಲಿ ಕಾಂಗ್ರೆಸ್ ಸಭೆಗೆ ಅವನೊಬ್ಬನೇ ಸಮವಸ್ತ್ರ ತೊಟ್ಟು ಬಂದಾಗ, ಆ ಅಂಗಿಯೊಳಗೆ ಹಳೆಯ ಕರ್ನಲ್ ಇನ್ನೂ ಬದುಕಿದ್ದ.

ಅಮೆರಿಕದವರ ಒಂದು ಕೆಲಸವನ್ನು ಮೆಚ್ಚಬೇಕು. 1780ರ ದಶಕದಲ್ಲಿ ವಾಷಿಂಗ್ಟನ್ ತನ್ನ ಯೌವನದ ಕಾಗದಗಳ ನಕಲು ಪುಸ್ತಕ ತೆರೆದು, ಎಳಸು ಭಾಷೆಯನ್ನು ತಿದ್ದಿ ಚೊಕ್ಕ ಮಾಡಿಕೊಂಡ. ವರ್ಜೀನಿಯಾ ವಿಶ್ವವಿದ್ಯಾಲಯದ ವಿದ್ವಾಂಸರು ಮೂಲವನ್ನೂ ತಿದ್ದುಪಡಿಯನ್ನೂ ಬಿಡದೆ ಅಚ್ಚು ಹಾಕಿದರು. ಆತ ದುಡುಕಿದ್ದ, ಸಂಬಳಕ್ಕೆ ಗೊಣಗಿದ್ದ ಎಂದು ತಿಳಿದರೂ ಅವರ ರಾಷ್ಟ್ರ ಕುಸಿಯಲಿಲ್ಲ. ಆತನಿಂದ 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತ ಕಾರ್ನ್‌ವಾಲಿಸ್ ನಮ್ಮಲ್ಲಿಗೆ ಗವರ್ನರ್ ಜನರಲ್ ಆಗಿ ಬಂದು, 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಕೊಂಡೊಯ್ದ. 1799ರಲ್ಲಿ ಟಿಪ್ಪುವಿನ ಗ್ರಂಥ ಭಂಡಾರ, ಕಾಗದಪತ್ರ, ಕನಸು ಬರೆದಿಟ್ಟ ಪುಸ್ತಕ ಕೂಡ ಗೆದ್ದವರ ಪಾಲಾಯಿತು. ಅವನ ಪತ್ರಗಳನ್ನು ಜಗತ್ತು ಬಹುಕಾಲ ಓದಿದ್ದು ಕಂಪನಿಯ ಅಧಿಕಾರಿ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಆರಿಸಿ ತರ್ಜುಮೆ ಮಾಡಿದ ಪುಸ್ತಕದಲ್ಲಿ. ಇಂದಿಗೂ ಅವನನ್ನು ಸಂತನೆನ್ನುವವರು, ರಾಕ್ಷಸನೆನ್ನುವವರು ಬೀದಿಯಲ್ಲಿ ಕಾದಾಡುತ್ತಾರೆ. ಇಬ್ಬರಲ್ಲೂ ಅವನ ಪತ್ರ ಓದಿದವರು ಎಷ್ಟೆಂದು ಕೇಳುವಂತಿಲ್ಲ.

ಒಂದು ಹೆಸರಿನ ಕತೆ ಬಾಕಿ ಇದೆ. 1753ರ ಪಯಣದಲ್ಲಿ ತಾನಾಗ್ರಿಸನ್ ವಾಷಿಂಗ್ಟನ್ನನಿಗೆ ಒಂದು ಹೆಸರು ಕೊಟ್ಟಿದ್ದ. ಹಿಂದೆ ಅವನ ಮುತ್ತಜ್ಜನಿಗೆ ಮೂಲನಿವಾಸಿಗಳು ಇಟ್ಟಿದ್ದ ಹೆಸರೇ ಅದು. ಅರ್ಥ, ಊರು ಹಾಳು ಮಾಡುವವ. ಹುಡುಗ ಅದನ್ನು ಬಿರುದಿನಂತೆ ಬಳಸಿಕೊಂಡ. 1779ರಲ್ಲಿ ಕ್ರಾಂತಿಯ ಸೇನಾಪತಿಯಾಗಿ ಅವನು ಕಳಿಸಿದ ದಂಡು ಇರೊಕ್ವಾ ಜನರ 40ಕ್ಕೂ ಹೆಚ್ಚು ಊರುಗಳನ್ನು, ನಿಂತ ಜೋಳದ ಹೊಲಗಳನ್ನು, ಹಣ್ಣಿನ ತೋಟಗಳನ್ನು ಸುಟ್ಟಿತು. 1790ರಲ್ಲಿ ಸೆನೆಕ ನಾಯಕ ಕಾರ್ನ್‌ಪ್ಲಾಂಟರ್ ಫಿಲಡೆಲ್ಫಿಯಾಕ್ಕೆ ಬಂದು ಅಧ್ಯಕ್ಷ ವಾಷಿಂಗ್ಟನ್ನನ ಎದುರೇ ಹೇಳಿದ: ಆ ಹೆಸರು ಕೇಳಿದರೆ ಇಂದಿಗೂ ನಮ್ಮ ಹೆಂಗಸರು ಹಿಂತಿರುಗಿ ನೋಡಿ ಬಿಳಿಚಿಕೊಳ್ಳುತ್ತಾರೆ, ಮಕ್ಕಳು ತಾಯಂದಿರ ಕೊರಳಿಗೆ ಅಂಟಿಕೊಳ್ಳುತ್ತಾರೆ.

1799ರ ಜುಲೈ 9ರಂದು ವಾಷಿಂಗ್ಟನ್ ಉಯಿಲು ಬರೆದ. ಶ್ರೀರಂಗಪಟ್ಟಣ ಬಿದ್ದು ಎರಡು ತಿಂಗಳಾಗಿತ್ತು. ಅವನಿಗೆ ಇನ್ನು ಐದು ತಿಂಗಳ ಆಯುಷ್ಯವಿತ್ತು. ತನ್ನ ಗುಲಾಮರಿಗೆ ಹೆಂಡತಿಯ ಕಾಲಾನಂತರ ಬಿಡುಗಡೆ ಎಂದು ಅದರಲ್ಲಿ ಕಾಣಿಸಿದ. ಜೊತೆಗೆ ಜಮೀನುಗಳ ಪಟ್ಟಿ ಇಟ್ಟ. ಆ ಪಟ್ಟಿಯಲ್ಲಿ 234 ಎಕರೆಯ ಗ್ರೇಟ್ ಮೆಡೋಸ್ ಇದೆ. ಶರಣಾದ ಆ ಹುಲ್ಲುಗಾವಲನ್ನು ಅವನು ಮುಂದೆ ಕ್ರಯಕ್ಕೆ ಕೊಂಡು ಕಡೆಯವರೆಗೂ ಇಟ್ಟುಕೊಂಡಿದ್ದ. ಮಣ್ಣು ಒಳ್ಳೆಯದು, ಹುಲ್ಲು ಕೊಯ್ಲಿಗೆ ಬರುತ್ತದೆ, ಬ್ರಾಡಕ್ ದಾರಿಯಲ್ಲಿ ತಂಗುದಾಣಕ್ಕೆ ತಕ್ಕ ಜಾಗ ಎಂದು ಬರೆದು, 1754ರಲ್ಲಿ ಫ್ರೆಂಚರೊಡನೆ ಮೊದಲ ಕಾಳಗ ನಡೆದ ಸ್ಥಳ ಎಂದು ಸೇರಿಸಿದ. ಯಾರು ಗೆದ್ದರೆಂದು ಬರೆಯಲಿಲ್ಲ.